2012ರಲ್ಲಿ 2400ಕ್ಕೆ ಕೊಂಡ ಇನ್ಫೋಸಿಸ್ ಷೇರು ಚಾರ್ಟ್‌ನಲ್ಲಿ 300 ಅಂತ ಯಾಕೆ ಕಾಣುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ನಿಮ್ಮ ತಂದೆ 2012ರಲ್ಲಿ ಸುಮಾರು 2400 ರೂಪಾಯಿಯಂತೆ 20 ಇನ್ಫೋಸಿಸ್ ಷೇರು ತೆಗೆದುಕೊಂಡಿದ್ದರು, ಬ್ರೋಕರ್ ಕೊಟ್ಟ ಖರೀದಿ ಚೀಟಿ (ಕಾಂಟ್ರ್ಯಾಕ್ಟ್ ನೋಟ್) ಮನೆಯಲ್ಲೇ ಇದೆ. ಆದರೆ ಆ್ಯಪ್‌ನ ಚಾರ್ಟ್‌ನಲ್ಲಿ ಅದೇ ದಿನಕ್ಕೆ ಹೋದರೆ 300ರ ಆಸುಪಾಸು ಕಾಣುತ್ತದೆ. ಅಪ್ಪನಿಗೆ ಮೋಸ ಆಯಿತಾ, ಚಾರ್ಟ್ ತಪ್ಪಾ, ಇಷ್ಟು ಗೊಂದಲ ಇರುವ ಹಳೇ ಬೆಲೆ ನೋಡಿ ಏನು ಉಪಯೋಗ ಅಂತ ಕೇಳಿದ್ದೀರಿ.

ಮೋಸ ಆಗಿಲ್ಲ. ಎರಡು ಬೆಲೆಯೂ ಸರಿ. ನಾನು ಕೋಲಾರದಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ರಿಟರ್ನ್ ಹಾಕುವ ಕಾಲ ಬಂತೆಂದರೆ ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದು ದುಡ್ಡಿನ ವಿಷಯ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇನ್ಫೋಸಿಸ್ 2014ರ ಡಿಸೆಂಬರ್‌ನಲ್ಲಿ, 2015ರ ಜೂನ್‌ನಲ್ಲಿ, ಮತ್ತೆ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿದೆ, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಪುಕ್ಕಟೆ. ನಿಮ್ಮ ತಂದೆಯ 20 ಷೇರು 40 ಆಯಿತು, 80 ಆಯಿತು, 160 ಆಯಿತು. ಅವರು ಕೊಟ್ಟಿದ್ದು 48,000 ರೂಪಾಯಿ. ಅದನ್ನು 160ರಿಂದ ಭಾಗಿಸಿ ನೋಡಿ, 300 ಬರುತ್ತದೆ. ಚಾರ್ಟ್ ಮಾಡುವವರು ಪ್ರತಿ ಬೋನಸ್ ಆದಾಗ ಅದರ ಹಿಂದಿನ ಎಲ್ಲಾ ದಿನಗಳ ಬೆಲೆಯನ್ನೂ ಅರ್ಧಕ್ಕೆ ಇಳಿಸಿ ಹೊಸದಾಗಿ ಬರೆಯುತ್ತಾರೆ. ಅಂದರೆ 2012ರ ಆ ದಿನ 300 ರೂಪಾಯಿಗೆ ಯಾರಿಗೂ ಒಂದೇ ಒಂದು ಇನ್ಫೋಸಿಸ್ ಷೇರು ಸಿಕ್ಕಿರಲಿಲ್ಲ. ಅದು ಇವತ್ತಿನ ಒಂದು ಷೇರಿಗೆ ಹೋಲಿಸಲು ಹಿಂದಕ್ಕೆ ಹೋಗಿ ತೆಗೆದ ಲೆಕ್ಕ. ಇದಕ್ಕೆ ಅಡ್ಜಸ್ಟ್ ಆದ ಬೆಲೆ ಅನ್ನುತ್ತಾರೆ.

ಹಾಗೆ ಯಾಕೆ ಮಾಡುತ್ತಾರೆ? ಮಾಡದಿದ್ದರೆ ಚಾರ್ಟ್ ಸುಳ್ಳು ಹೇಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಐಆರ್‌ಸಿಟಿಸಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರು ಮಾಡಿತು, ಇದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಅಡ್ಜಸ್ಟ್ ಮಾಡದೆ ಗೆರೆ ಎಳೆದರೆ ಅವತ್ತು ಕಂಪನಿ ಮುಳುಗಿಹೋದ ಹಾಗೆ ಕಾಣುತ್ತದೆ, ನಿಜವಾಗಿ ಯಾರ ದುಡ್ಡೂ ಹೋಗಿರಲಿಲ್ಲ. ಇನ್ಫೋಸಿಸ್‌ನ ಹುಟ್ಟಿನಿಂದ ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 1993ರಲ್ಲಿ ಐಪಿಒ ಬೆಲೆ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಿದ ಬೆಲೆ, 95 ರೂಪಾಯಿ. ಆಗ 100 ಷೇರು ಸಿಕ್ಕವರು ಏನೂ ಮಾರದೆ ಇಟ್ಟುಕೊಂಡಿದ್ದರೆ ಬೋನಸ್, ಸ್ಪ್ಲಿಟ್ ಎಲ್ಲಾ ಸೇರಿ 2018ರ ಹೊತ್ತಿಗೆ 1,02,400 ಷೇರು ಆಗಿರುತ್ತಿದ್ದವು. ಆ ಲೆಕ್ಕದಲ್ಲಿ 95 ರೂಪಾಯಿ ಅಂದರೆ ಇವತ್ತಿನ ಷೇರಿಗೆ ಬರೀ 9 ಪೈಸೆ ಚಿಲ್ಲರೆ.

ಡಿಮರ್ಜರ್ ಆದಾಗ, ಅಂದರೆ ಕಂಪನಿಯ ಒಂದು ಭಾಗ ಬೇರೆ ಕಂಪನಿಯಾದಾಗ, ಸ್ವಲ್ಪ ಜಾಸ್ತಿ ಎಚ್ಚರ ಬೇಕು. 2023ರ ಜುಲೈ 20ರಂದು ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾಯಿತು, ಅದರ ಬೆಲೆ 261.85 ಅಂತ ನಿಗದಿಯಾಯಿತು, ರಿಲಯನ್ಸ್ ಬೆಲೆ ಅಷ್ಟು ಕಡಿಮೆಯಾಯಿತು. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಕಾರ್ಖಾನೆ ಇರುವ ಬೆಮೆಲ್ ಕೂಡ 2022ರಲ್ಲಿ ಹೆಚ್ಚುವರಿ ಜಮೀನನ್ನು ಬೇರೆ ಕಂಪನಿ ಮಾಡಿ ಷೇರುದಾರರಿಗೆ ಅದರ ಷೇರು ಕೊಟ್ಟಿತು. ಇಂಥ ಕಡೆ ಕೆಲವು ವೆಬ್‌ಸೈಟ್ ಹಳೇ ಬೆಲೆ ತಿದ್ದುತ್ತವೆ, ಕೆಲವು ತಿದ್ದುವುದಿಲ್ಲ. ಡಿವಿಡೆಂಡ್, ಅಂದರೆ ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ದುಡ್ಡು, ಅದರ ಕಥೆಯೂ ಹಾಗೇ. ಸಾಮಾನ್ಯವಾಗಿ ಆ್ಯಪ್ ಚಾರ್ಟ್‌ನಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ, ಯಾಹೂ ಫೈನಾನ್ಸ್‌ನಲ್ಲಿ ಮಾತ್ರ ಅಡ್ಜಸ್ಟೆಡ್ ಕ್ಲೋಸ್ ಅಂತ ಬೇರೆ ಕಾಲಂ ಇದೆ, ಅದರಲ್ಲಿ ಡಿವಿಡೆಂಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ವರ್ಷ ವರ್ಷ ಒಳ್ಳೆ ಡಿವಿಡೆಂಡ್ ಕೊಡುವ ಕಂಪನಿಯನ್ನು ಬರೀ ಬೆಲೆ ನೋಡಿ ಇದು ಬೆಳೆದೇ ಇಲ್ಲ ಅನ್ನುವುದು ಅನ್ಯಾಯ.

ಆ ದಿನದ ಅಸಲಿ ಬೆಲೆ ಬೇಕಾದರೆ ಷೇರು ಕೊಂಡು ಮಾರುವ ಎಕ್ಸ್‌ಚೇಂಜ್‌ಗಳಾದ ಎನ್‌ಎಸ್‌ಇ ಅಥವಾ ಬಿಎಸ್‌ಇ ವೆಬ್‌ಸೈಟ್‌ಗೇ ಹೋಗಿ. ಎರಡರಲ್ಲೂ ಹಳೇ ಬೆಲೆ ನೋಡುವ ಪುಟ ಇದೆ, ಕಂಪನಿ ಹೆಸರು ಮತ್ತು ತಾರೀಕು ಕೊಟ್ಟರೆ ಎಕ್ಸೆಲ್‌ನಲ್ಲಿ ತೆರೆಯುವ ಫೈಲ್ ಪುಕ್ಕಟೆ ಸಿಗುತ್ತದೆ. ಅಲ್ಲಿ ಓಪನ್, ಹೈ, ಲೋ, ಲಾಸ್ಟ್, ಕ್ಲೋಸ್ ಅಂತ ಬೇರೆ ಬೇರೆ ಇರುತ್ತದೆ. ಲಾಸ್ಟ್ ಅಂದರೆ ಕೊನೇ ವ್ಯವಹಾರದ ಬೆಲೆ. ಕ್ಲೋಸ್ ಅಂದರೆ ಅದಲ್ಲ. ಹಳೇ ಡೇಟಾದಲ್ಲಿ ಅದು ಕೊನೇ ಅರ್ಧ ಗಂಟೆಯ ವ್ಯವಹಾರಗಳ ಸರಾಸರಿ, ಅದೂ ಎಷ್ಟು ಷೇರು ಯಾವ ಬೆಲೆಗೆ ಹೋಯಿತು ಅನ್ನುವ ತೂಕ ಹಾಕಿ ತೆಗೆದದ್ದು. ಇನ್ನೊಂದು ಮಾತು, ಇನ್ಫೋಸಿಸ್ 2011ರವರೆಗೆ ಇನ್ಫೋಸಿಸ್ ಟೆಕ್ನಾಲಜೀಸ್ ಆಗಿತ್ತು. ಹೀಗೆ ಹೆಸರು ಬದಲಾದ ಕಂಪನಿಯ ಹಳೇ ಬೆಲೆ ಸಿಗಲಿಲ್ಲ ಅಂದರೆ ಹಳೇ ಹೆಸರಿನಲ್ಲೂ ಹುಡುಕಿ. ಬಿಎಸ್‌ಇಯಲ್ಲಿ ಇನ್ಫೋಸಿಸ್‌ನ ಕೋಡ್ 500209.

ಬೆಲೆಯ ಪಕ್ಕದಲ್ಲಿ ಎಷ್ಟು ಷೇರು ಕೈ ಬದಲಾಯಿತು ಅನ್ನುವ ಕಾಲಂ ಇರುತ್ತದೆ, ಅದನ್ನು ಜನ ನೋಡುವುದೇ ಇಲ್ಲ. ನಮ್ಮ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ದಾಟಿತ್ತು. ಆ ರೇಟು ಲೋಡುಗಟ್ಟಲೆ ಮಾಲಿಗೆ ಸಿಕ್ಕಿತಾ, ಒಂದೆರಡು ಒಳ್ಳೇ ಲಾಟಿಗೆ ಮಾತ್ರ ಸಿಕ್ಕಿತಾ ಅಂತ ವಿಚಾರಿಸದೆ ಯಾವ ರೈತರೂ ಆ ನಂಬರನ್ನು ನಂಬುವುದಿಲ್ಲ ಅಲ್ವಾ? ಷೇರಿನಲ್ಲೂ ಅಷ್ಟೇ. ಏಷ್ಯನ್ ಪೇಂಟ್ಸ್ ಷೇರುಗಳನ್ನು ಇಟ್ಟುಕೊಂಡಿರುವ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಬೆಲೆ ವರ್ಷಗಟ್ಟಲೆ ಬರೀ ಕೆಲವೇ ರೂಪಾಯಿ ಅಂತ ತೋರಿಸುತ್ತಿತ್ತು, ವ್ಯವಹಾರ ಮಾತ್ರ ನಡೆಯುತ್ತಲೇ ಇರಲಿಲ್ಲ ಅನ್ನಬಹುದು, ಆ ಬೆಲೆಗೆ ಮಾರುವವರೇ ಇರಲಿಲ್ಲ. ಇಂಥ ಹೋಲ್ಡಿಂಗ್ ಕಂಪನಿಗಳ ಸರಿಯಾದ ಬೆಲೆ ಗೊತ್ತಾಗಲಿ ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ತಂದ ವಿಶೇಷ ಹರಾಜು 2024ರ ಅಕ್ಟೋಬರ್ 29ರಂದು ನಡೆದು, 3.53 ಇದ್ದ ಬೆಲೆ ಒಂದೇ ದಿನದಲ್ಲಿ 2,36,250 ಆಯಿತು. ಚಾರ್ಟ್ ನೋಡಿದವರಿಗೆ ಅದು ಪವಾಡ. ಅದಕ್ಕೂ ಮುಂಚಿನ 3.53 ಬರೀ ಹೆಸರಿಗಿದ್ದ ಬೆಲೆ.

ಈಗ ನನಗೆ ನಿಜವಾಗಿ ಬೇಜಾರಾಗುವ ವಿಷಯ. "ಈ ಷೇರು 400 ಇತ್ತು, ಈಗ 20ಕ್ಕೆ ಸಿಗುತ್ತಿದೆ, ಮತ್ತೆ ಅಲ್ಲಿಗೆ ಹೋಗೇ ಹೋಗುತ್ತದೆ" ಅನ್ನುವ ವಾಟ್ಸಾಪ್ ಮೆಸೇಜು ನಂಬಿ ಚಿನ್ನ ಅಡ ಇಟ್ಟ ದುಡ್ಡು ಹಾಕಲು ಹೊರಟವರನ್ನು ನಾನು ನೋಡಿದ್ದೇನೆ. ಯೆಸ್ ಬ್ಯಾಂಕ್ ತೆಗೆದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಅದು 400 ಮುಟ್ಟಿದ್ದು ನಿಜ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು. ಆಮೇಲೆ ಎಸ್‌ಬಿಐ ಮತ್ತು ಇತರ ಬ್ಯಾಂಕ್‌ಗಳು ಷೇರಿಗೆ 10 ರೂಪಾಯಿಯಂತೆ ದುಡ್ಡು ಹಾಕಿ ಉಳಿಸಿದವು. ಚಾರ್ಟ್ ಹೇಳದ ಮುಖ್ಯ ಸಂಗತಿ ಇಲ್ಲಿದೆ. ಮುಂಚೆ ಸುಮಾರು 255 ಕೋಟಿ ಇದ್ದ ಷೇರುಗಳು ಈಗ 3,000 ಕೋಟಿಗೂ ಜಾಸ್ತಿ. ಬೋನಸ್ ಆದಾಗ ಹಳೇ ಷೇರುದಾರರಿಗೇ ಹೊಸ ಷೇರು ಸಿಗುತ್ತದೆ, ಅದಕ್ಕೇ ಹಳೇ ಬೆಲೆ ತಿದ್ದುತ್ತಾರೆ. ಇಲ್ಲಿ ಹೊಸ ಷೇರು ಹೋಗಿದ್ದು ಹೊಸದಾಗಿ ದುಡ್ಡು ತಂದವರಿಗೆ, ಹಾಗಾಗಿ ಹಳೇ ಬೆಲೆ ಇದ್ದ ಹಾಗೇ ನಿಂತಿದೆ. ಈಗ ಅದು 400 ಆಗಬೇಕಾದರೆ ಇಡೀ ಬ್ಯಾಂಕಿನ ಬೆಲೆ 12 ಲಕ್ಷ ಕೋಟಿ ದಾಟಬೇಕು. ಆದ್ದರಿಂದ ಹಳೇ ಬೆಲೆಯನ್ನು ಆಗಿನ ಷೇರುಗಳ ಸಂಖ್ಯೆಯಿಂದ ಗುಣಿಸಿ, ಇವತ್ತಿನದನ್ನು ಇವತ್ತಿನ ಸಂಖ್ಯೆಯಿಂದ ಗುಣಿಸಿ, ಆಮೇಲೆ ಹೋಲಿಸಿ.

ಯಾವ ದಿನದಿಂದ ಎಣಿಸುತ್ತಾರೆ ಅನ್ನುವುದನ್ನೂ ನೋಡಿ. 2020ರ ಮಾರ್ಚ್ 23ರಂದು ಬಿಎಸ್‌ಇಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಕ ಬಿದ್ದಿತ್ತು. ಅಲ್ಲಿಂದ ಎಣಿಸಿದರೆ ಎಂಥಾ ಕಂಪನಿಯೂ ಬಂಗಾರದ ಹಾಗೆ ಕಾಣುತ್ತದೆ. ಮಾರುವವರು ಸುಮ್ನೆ ಆ ದಿನ ಆರಿಸುವುದಿಲ್ಲ.

ನಿಮ್ಮ ತಂದೆಗೆ ಹಳೇ ಬೆಲೆಯ ಅತಿ ದೊಡ್ಡ ಉಪಯೋಗ ತೆರಿಗೆಯಲ್ಲಿ. 2018ರ ಜನವರಿ 31ರ ಒಳಗೆ ಕೊಂಡ ಷೇರಿಗೆ ಆ ದಿನ ಎಕ್ಸ್‌ಚೇಂಜ್‌ನಲ್ಲಿ ಆದ ಅತಿ ಹೆಚ್ಚಿನ ಬೆಲೆಯನ್ನು ಅಸಲು, ಅಂದರೆ ಕೊಂಡ ಬೆಲೆ, ಅಂತ ತೋರಿಸಲು ಅವಕಾಶ ಇದೆ. ಗಮನಿಸಿ, ಕ್ಲೋಸ್ ಅಲ್ಲ, ಹೈ. ಮಾರುವ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾರುವ ಬೆಲೆ ಹಿಡಿಯಬೇಕು. ನಿಜವಾಗಿ ಕೊಟ್ಟ ಬೆಲೆ ಇವೆಲ್ಲಕ್ಕಿಂತ ಜಾಸ್ತಿ ಇದ್ದರೆ ಅದೇ ಅಸಲು. ಇದನ್ನು ನಿಮ್ಮ 160 ಷೇರಿಗೆ ಹಾಕಿ ನೋಡೋಣ. ಮೊದಲ 20ಕ್ಕೆ ಅಸಲು 2400. 2014 ಮತ್ತು 2015ರ ಬೋನಸ್‌ನಲ್ಲಿ ಬಂದ 60 ಷೇರು ಪುಕ್ಕಟೆ ಬಂದಿದ್ದರೂ 2018ರ ಜನವರಿ 31ರ ಬೆಲೆ ಸಿಗುತ್ತದೆ, ಅವತ್ತು ಇನ್ಫೋಸಿಸ್ 1100ರ ಮೇಲಿತ್ತು. ಕೊನೇ 80 ಬಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಅವುಗಳ ಅಸಲು ಸೊನ್ನೆ.

ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಆ್ಯಪ್ ಚಾರ್ಟ್‌ನಲ್ಲಿ 2018ರ ಜನವರಿ 31ಕ್ಕೆ ಹೋದರೆ ಆಮೇಲಿನ ಬೋನಸ್‌ನಿಂದಾಗಿ ಅದರ ಅರ್ಧ ಬೆಲೆ ಕಾಣುತ್ತದೆ. ಆ ಅರ್ಧವನ್ನು 60 ಷೇರಿಗೆ ಹಾಕಿದರೆ 66,000ಕ್ಕಿಂತ ಜಾಸ್ತಿ ತೋರಿಸಬಹುದಾಗಿದ್ದ ಅಸಲು 33,000ದ ಸುತ್ತ ಬಂದು ನಿಲ್ಲುತ್ತದೆ, ಇಲ್ಲದ ಲಾಭಕ್ಕೆ ತೆರಿಗೆ ಬೀಳುತ್ತದೆ. ಹೀಗೆ ಬೋನಸ್ ಬಂದ ಷೇರಿನ ತೆರಿಗೆಗೆ ಎಕ್ಸ್‌ಚೇಂಜ್‌ನ ತಿದ್ದದ ಬೆಲೆ, ಲಾಭದ ಶೇಕಡಾವಾರು ನೋಡಲು ಅಡ್ಜಸ್ಟ್ ಆದ ಬೆಲೆ.

2024ರ ಜುಲೈ 23ರಿಂದ ಇಂಥ ದೀರ್ಘಾವಧಿ ಲಾಭಕ್ಕೆ (ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದ ಷೇರಿನದು) ಶೇ 12.5 ತೆರಿಗೆ, ವರ್ಷಕ್ಕೆ 1.25 ಲಕ್ಷದವರೆಗೆ ವಿನಾಯಿತಿ. ಷೇರು ಇಡುವ ಖಾತೆಯಾದ ಡಿಮ್ಯಾಟ್‌ನಲ್ಲಿ ಮೊದಲು ಬಂದ ಷೇರು ಮೊದಲು ಹೋದಂತೆ ಲೆಕ್ಕ. ಹಾಗಾಗಿ ತಂದೆ ಈಗ 20 ಷೇರು ಮಾತ್ರ ಮಾರಿದರೆ, ಬೆಲೆ 2400ಕ್ಕಿಂತ ಕೆಳಗಿರುವವರೆಗೆ, ರಿಟರ್ನ್‌ನಲ್ಲಿ ನಷ್ಟವೇ ಬರುತ್ತದೆ. ಗಾಬರಿ ಬೇಡ. ಅದೇ ವರ್ಷ ಬೇರೆ ಷೇರಿನಲ್ಲಿ ಬಂದ ದೀರ್ಘಾವಧಿ ಲಾಭದಲ್ಲಿ ಅದನ್ನು ಕಳೆಯಬಹುದು, ಉಳಿದರೆ 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಕೊನೇ ದಿನಾಂಕದ ಒಳಗೆ ರಿಟರ್ನ್ ಹಾಕಿದ್ದರೆ ಮಾತ್ರ.