ಟಿಪ್ಸ್ ಎಷ್ಟು ಎಂದು ಕೇಳುವ ಮೊದಲು, ಬಿಲ್ ಎಲ್ಲಿ ಕಟ್ಟಿದಿರಿ ಹೇಳಿ

ಗಲ್ಫಿನವರು, ಬೆಂಗಳೂರಿನವರು ರಜೆ ಮುಗಿಸಿ ಹೊರಟರೆ ಸಾಕು, ನನಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಹೋಟೆಲಿನಲ್ಲಿ ಟಿಪ್ಸ್ ಎಷ್ಟು ಕೊಡಬೇಕು? ಹತ್ತು ಪರ್ಸೆಂಟಾ? ಕೊಡದಿದ್ದರೆ ಮರ್ಯಾದೆ ಹೋಗುತ್ತದಾ? ನಾನು ಕ್ಲೀನರ್ ಆಗಿ ಹೋಟೆಲ್ ಸೇರಿದವನು. ಆಮೇಲೆ ಸಪ್ಲೈಯರ್, ಕ್ಯಾಪ್ಟನ್ (ಸಪ್ಲೈಯರ್‌ಗಳ ಮೇಲಿನವನು), ಮ್ಯಾನೇಜರ್ ಎಲ್ಲ ಆಗಿ, ಈಗ ಹೊಸ ಹುಡುಗರಿಗೆ ಬಡಿಸುವುದು ಕಲಿಸುತ್ತಿದ್ದೇನೆ. ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಈ ಸಲ ಓದುಗರ ಪತ್ರಗಳನ್ನು ಒಂದೊಂದಾಗಿ ಮುಂದಿಟ್ಟು ಒಟ್ಟಿಗೇ ಉತ್ತರ ಕೊಟ್ಟುಬಿಡುತ್ತೇನೆ.

ಓಣಂ ರಜೆಯಲ್ಲಿ ನಾವು ಆರು ಮಂದಿ ಕಾಸರಗೋಡಿನ ಒಂದು ಎಸಿ ಹೋಟೆಲಿನಲ್ಲಿ ಊಟ ಮಾಡಿದೆವು. ಬಿಲ್ 1,860 ರೂಪಾಯಿ ಆಯಿತು. ಏನೂ ಇಡುವುದು ಬೇಡ ಎಂದರು ಅಪ್ಪ. ದುಬೈಯಲ್ಲಿರುವ ಭಾವ 200 ಇಡಬೇಕು ಎಂದರು. ಅಮೆರಿಕದ ತಂಗಿ ಅದೂ ಕಡಿಮೆ ಎಂದಳು. ಕೊನೆಗೆ ಜಗಳ ಬೇಡ ಎಂದು 50 ಇಟ್ಟು ಬಂದೆವು. ಯಾರು ಸರಿ? (ಬದಿಯಡ್ಕದ ಓದುಗರು)

ಮೂವರೂ ಅವರವರ ಊರಿನಲ್ಲಿ ಸರಿ. ನಾನಾಗಿದ್ದರೆ 100 ಕೊಡುತ್ತಿದ್ದೆ. 50 ಕೊಟ್ಟದ್ದಕ್ಕೆ ನಿಮ್ಮನ್ನು ಯಾರೂ ಬೈದಿರಲಿಕ್ಕಿಲ್ಲ.

ಮೊದಲು ತಂಗಿಯ ವಿಷಯ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ನೌಕರನಿಗೆ ಹೋಟೆಲಿನವರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಇದೇ ರೇಟು. ಅಲ್ಲಿನ ಕನಿಷ್ಠ ಕೂಲಿ 7.25 ಡಾಲರ್. ನಡುವಿನದು ಗಿರಾಕಿಯ ಟಿಪ್ಸಿನಿಂದ ತುಂಬಬೇಕು. ತುಂಬದಿದ್ದರೆ ಮಾತ್ರ ಮಾಲೀಕ ಕೊಡಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕೆಂಬ ನಿಯಮವಿದೆ. ಆದರೆ ಗಿರಾಕಿಗಳ ಅಭ್ಯಾಸ ಎಲ್ಲ ಕಡೆ ಒಂದೇ. ಹಾಗಾಗಿ ಅಲ್ಲಿ ಶೇಕಡಾ 20 ಇಡದೆ ಎದ್ದು ಬಂದರೆ ಬಡಿಸಿದವಳ ಸಂಬಳಕ್ಕೇ ಕತ್ತರಿ ಹಾಕಿದ ಹಾಗೆ. ನಮ್ಮಲ್ಲಿ ಆ ಲೆಕ್ಕ ಇಲ್ಲ. ಕೇರಳದಲ್ಲಿ ಹೋಟೆಲ್ ಕೆಲಸಕ್ಕೆ ಸರಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಇದೆ. 'ನಿನಗೆ ಟಿಪ್ಸ್ ಬರುತ್ತದಲ್ಲ' ಎಂದು ಅದರಲ್ಲಿ ಕಳೆಯುವ ಹಾಗಿಲ್ಲ. ಜೊತೆಗೆ ಹೆಚ್ಚಿನ ಕಡೆ ಊಟ, ಮಲಗುವ ಜಾಗ ಹೋಟೆಲಿನದ್ದೇ. ಸಂಬಳ ಸಾಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಪರ್ಸೆಂಟೇಜನ್ನು ಎತ್ತಿ ತಂದು ಕಾಸರಗೋಡಿನ ಮೇಜಿನ ಮೇಲೆ ಇಡಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಭಾವನದು ಇನ್ನೊಂದು ಥರ. ದುಬೈಯ ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10 ಸರ್ವಿಸ್ ಚಾರ್ಜ್, ಶೇಕಡಾ 7 ಮುನಿಸಿಪಾಲಿಟಿ ಫೀಸು ಸೇರಿಯೇ ಬರುತ್ತದೆ. ಅದನ್ನು ನೋಡಿ ನೋಡಿ ಹತ್ತು ಪರ್ಸೆಂಟ್ ಎಂದರೆ ನ್ಯಾಯ ಎಂಬ ಲೆಕ್ಕ ತಲೆಯಲ್ಲಿ ಕೂತಿದೆ. ಆದರೆ ಇದೇ ಭಾವ ದುಬೈಯಲ್ಲಿ ನಮ್ಮವರದೇ ಕೆಫೆಟೇರಿಯಾದಲ್ಲಿ ಪೊರೋಟಾ ತಿಂದು ಸುಲೈಮಾನಿ (ಹಾಲು ಹಾಕದ ಚಾ) ಕುಡಿದರೆ ಎಷ್ಟು ಕೊಡುತ್ತಾರೆ, ಕೇಳಿ ನೋಡಿ.

ಅಪ್ಪನನ್ನು ಜಿಪುಣ ಎಂದು ತೀರ್ಮಾನ ಮಾಡಬೇಡಿ. ಅವರು ಊಟ ಮಾಡಿದ ಹೋಟೆಲುಗಳಲ್ಲಿ ಯಜಮಾನ ಗಲ್ಲಾದಲ್ಲಿ ಕೂತಿರುತ್ತಿದ್ದ. ಬಡಿಸುವ ಮಾಣಿ ಅವನ ಊರಿನವನೋ ನೆಂಟನೋ ಆಗಿರುತ್ತಿದ್ದ. ಯಜಮಾನನ ಕಣ್ಣೆದುರು ಮಾಣಿಗೆ ದುಡ್ಡು ಕೊಡುವುದು ಕೊಡುವವರಿಗೂ ಸರಿ ಕಾಣುತ್ತಿರಲಿಲ್ಲ.

ಇನ್ನು ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ಟಿಪ್ಸ್ ಕೊಡುವುದೂ ಬಿಡುವುದೂ ಮನಸ್ಸಿನ ದೊಡ್ಡತನಕ್ಕಿಂತ ಜಾಸ್ತಿ, ಬಿಲ್ ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಂಜೇಶ್ವರ, ಉಪ್ಪಳದ ಕಡೆ ಮಂಗಳೂರಿನ ಪದ್ಧತಿಯ ಹೋಟೆಲಿಗೆ ಹೋಗಿ. ಬಿಲ್ ಸೋಂಪಿನ ತಟ್ಟೆಯಲ್ಲಿ ಮೇಜಿಗೇ ಬರುತ್ತದೆ. ದುಡ್ಡು ಅದರಲ್ಲೇ ಇಡುತ್ತೀರಿ, ಚಿಲ್ಲರೆ ಅದರಲ್ಲೇ ವಾಪಸ್ ಬರುತ್ತದೆ, ಹತ್ತೋ ಇಪ್ಪತ್ತೋ ಅಲ್ಲೇ ಉಳಿಯುತ್ತದೆ. ಕಾಞಂಗಾಡ್ ಕಡೆ ಹೋಗಿ. ಸಪ್ಲೈಯರ್ ಒಂದು ಸಣ್ಣ ಚೀಟಿ ಬರೆದು ತಟ್ಟೆಯ ಪಕ್ಕ ಇಟ್ಟು ಹೋಗುತ್ತಾನೆ. ನೀವು ಕೈ ತೊಳೆದು ಚೀಟಿ ಹಿಡಿದು ಕೌಂಟರಿನಲ್ಲಿ ಕಟ್ಟುತ್ತೀರಿ. ಅಷ್ಟರಲ್ಲಿ ಅವನು ಬೇರೆ ಮೇಜಿನಲ್ಲಿ 'ಚೋರು ವೇಣೋ' (ಅನ್ನ ಬೇಕಾ) ಎಂದು ಮಲಯಾಳದಲ್ಲಿ ಕೇಳುತ್ತಿರುತ್ತಾನೆ. ಕೊಡಬೇಕೆಂದರೂ ಅವನನ್ನು ಹುಡುಕಿಕೊಂಡು ಹೋಗಬೇಕು. ಇದನ್ನು ಗಮನಿಸದೆ, ಆ ಭಾಷೆಯವರು ಕೊಡುತ್ತಾರೆ, ಈ ಜಾತಿಯವರು ಕೊಡುವುದಿಲ್ಲ ಎಂದು ಮಾತಾಡುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಈ ಹಳೇ ಲೆಕ್ಕವನ್ನೂ ಈಗ ಫೋನು ತಲೆಕೆಳಗು ಮಾಡಿದೆ. ಮೊದಲು 1,860ರ ಬಿಲ್ಲಿಗೆ ನೀವು 2,000 ಇಡುತ್ತಿದ್ದಿರಿ. 140 ವಾಪಸ್. ಅನುಭವ ಇರುವ ಕ್ಯಾಶಿಯರ್ ಒಂದು ನೂರು, ಎರಡು ಇಪ್ಪತ್ತು ಕೊಡುತ್ತಿರಲಿಲ್ಲ. ಎರಡು ಐವತ್ತು, ಒಂದು ಇಪ್ಪತ್ತು, ಎರಡು ಹತ್ತು ಮಾಡಿ ಕಳಿಸುತ್ತಿದ್ದ. ನೂರರ ನೋಟು ನೇರ ಜೇಬಿಗೆ ಹೋಗುತ್ತದೆ, ಹತ್ತರ ನೋಟು ತಟ್ಟೆಯಲ್ಲೇ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಈಗ ಎಲ್ಲರೂ ಸ್ಕ್ಯಾನ್ ಮಾಡಿ ಸರಿಯಾಗಿ 1,860 ಹಾಕುತ್ತಾರೆ. ಚಿಲ್ಲರೆಯೇ ಇಲ್ಲ ಎಂದ ಮೇಲೆ ಟಿಪ್ಸ್ ಎಲ್ಲಿಂದ? 'ನಾನು ನೂರು ಸೇರಿಸಿ 1,960 ಹಾಕಿದೆ' ಎನ್ನುವ ಬುದ್ಧಿವಂತರೂ ಇದ್ದಾರೆ. ಆ ನೂರು ಹೋದದ್ದು ಹೋಟೆಲಿನ ಖಾತೆಗೆ. ಅದು ಬಡಿಸಿದವನ ಕೈಗೆ ಬರುವುದು ಮಾಲೀಕ ಮನಸ್ಸು ಮಾಡಿದರೆ ಮಾತ್ರ. ಕೊಡುವುದಾದರೆ ನೋಟು ಕೊಡಿ. ಕೈಗೇ ಕೊಡಿ.

ಯಾರ ಕೈಗೆ? ಇಲ್ಲೂ ಯೋಚನೆ ಬೇಕು. ನಿಮ್ಮ ಆರು ಮಂದಿಯ ಮೇಜನ್ನೇ ನೋಡಿ. ಆರ್ಡರ್ ತೆಗೆದುಕೊಂಡವನು ಒಬ್ಬ. ಕುಚ್ಚಲಕ್ಕಿಯಾ, ಬೆಳ್ತಿಗೆಯಾ ಎಂದು ಕೇಳಿ ಅನ್ನ ಹಾಕಿದವನು ಇನ್ನೊಬ್ಬ. ಮೀನಿನ ಮುಳ್ಳು, ಚೆಲ್ಲಿದ ಸಾರು, ಮಗು ಬೀಳಿಸಿದ ಐಸ್‌ಕ್ರೀಂ ಎಲ್ಲ ಬಳಿದವನು ಮೂರನೆಯವನು. ಅವನು ಅಸ್ಸಾಮಿನವನಿರಬಹುದು, ಒಡಿಶಾದವನಿರಬಹುದು, ನೇಪಾಳದವನಿರಬಹುದು. ನಮ್ಮವರಿಗೆ ಎಲ್ಲರೂ 'ಬಂಗಾಳಿ'. ತುಳುವಿನಲ್ಲೋ ಮಲಯಾಳದಲ್ಲೋ ನಗುನಗುತ್ತ ಮಾತಾಡಿದವನಿಗೆ ಟಿಪ್ಸ್ ಹೋಗುತ್ತದೆ. ಮೇಜು ಒರೆಸಿದವನ ಮುಖವನ್ನೂ ಯಾರೂ ನೋಡಿರುವುದಿಲ್ಲ. ಒಳ್ಳೆಯ ಹೋಟೆಲುಗಳಲ್ಲಿ ಟಿಪ್ಸ್ ಡಬ್ಬಿ ಇರುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಾರೆ. ಕ್ಯಾಪ್ಟನ್‌ಗೆ ಜಾಸ್ತಿ, ಸಪ್ಲೈಯರ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಕ್ಲೀನರ್‌ಗೆ ಅರ್ಧ. ಅಡುಗೆಮನೆಗೆ ಕೆಲವು ಕಡೆ ಪಾಲು ಉಂಟು, ಕೆಲವು ಕಡೆ ಇಲ್ಲ. ಇದೇ ವಿಷಯಕ್ಕೆ ಒಳಗೆ ಆಗುವ ಜಗಳ ನಿಮ್ಮ ಮನೆಯ ಜಗಳಕ್ಕಿಂತ ದೊಡ್ಡದು. 'ಡಬ್ಬಿ ಇದೆಯಾ?' ಎಂದು ಒಂದು ಮಾತು ಕೇಳಿ. ಇದೆ ಎಂದರೆ ಅದಕ್ಕೆ ಹಾಕಿ. ಇಲ್ಲ ಎಂದರೆ ಒರೆಸುವ ಹುಡುಗನಿಗೆ ಬೇರೆಯಾಗಿ ಇಪ್ಪತ್ತು ಕೊಡಿ.

ಇನ್ನು ನನ್ನ ರೇಟು. ಇದು ಕಾನೂನಲ್ಲ, ನನ್ನ ಅಭಿಪ್ರಾಯ. ಟೋಕನ್ ತೆಗೆದುಕೊಂಡು ನಿಂತು ತಿನ್ನುವಲ್ಲಿ ಏನೂ ಬೇಡ. ಬಸ್‌ಸ್ಟ್ಯಾಂಡಿನ ಪಕ್ಕ ಬನ್ಸ್, ಚಾ ಕುಡಿದದ್ದಕ್ಕೂ ಬೇಡ. ಕೂತು ಊಟ ಮಾಡಿದರೆ ತಲೆಗೆ ಹತ್ತು ರೂಪಾಯಿ ಧಾರಾಳ. ಎಸಿ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಶೇಕಡಾ ಐದರ ಆಸುಪಾಸು. ಅದಕ್ಕೇ ನಿಮ್ಮ ಬಿಲ್ಲಿಗೆ ನೂರು ಎಂದದ್ದು. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಿ ಮೇಜು ರಣರಂಗ ಮಾಡಿದರೆ ಸ್ವಲ್ಪ ಜಾಸ್ತಿ. ಹತ್ತು ಪರ್ಸೆಂಟ್ ಕೊಟ್ಟರೆ ಖುಷಿಯೇ, ಆದರೆ ಸಾಲ ಮಾಡಿ ಕೊಡಬೇಡಿ. ಮತ್ತೆ, ಮಗುವಿನ ಕೈಯಲ್ಲಿ ನೋಟು ಕೊಡಿಸಿ ವಿಡಿಯೋ ಮಾಡಬೇಡಿ. ಮೂರು ಪ್ಲೇಟ್ ಕೈಯಲ್ಲಿ ಹಿಡಿದು ನಿಂತವನು ನಿಮ್ಮ ಮಗನ ದಾನಬುದ್ಧಿಗೆ ಪೋಸ್ ಕೊಡಬೇಕಾ?

'ಚೆನ್ನಾಗಿ ಟಿಪ್ಸ್ ಕೊಟ್ಟರೆ ಸರ್ವಿಸ್ ಸುಧಾರಿಸುತ್ತದೆ' ಎಂಬ ಉಪದೇಶವನ್ನೂ ಇಲ್ಲೇ ಮುಗಿಸುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಎಂಬ ಪ್ರೊಫೆಸರ್ ಎಷ್ಟೋ ವರ್ಷ ಈ ವಿಷಯವನ್ನೇ ಅಧ್ಯಯನ ಮಾಡಿದವರು. ಟಿಪ್ಸಿನ ಮೊತ್ತ ಮುಖ್ಯವಾಗಿ ಬಿಲ್ಲಿನ ಮೊತ್ತವನ್ನು ನೋಡಿ ಏರುತ್ತದೆ, ಸೇವೆ ಚೆನ್ನಾಗಿತ್ತೇ ಇಲ್ಲವೇ ಎಂಬುದರಿಂದ ಆಗುವ ವ್ಯತ್ಯಾಸ ತೀರಾ ಕಡಿಮೆ ಎಂದು ಅವರ ಅಧ್ಯಯನಗಳು ತೋರಿಸಿವೆ. 2002ರ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ ಬಿಲ್ ಜೊತೆ ಒಂದು ಮಿಠಾಯಿ ಕೊಟ್ಟು, ಹೋಗುತ್ತ ಹೋಗುತ್ತ ತಿರುಗಿ ಇನ್ನೊಂದು ಕೊಟ್ಟಾಗ ಟಿಪ್ಸ್ ಸುಮಾರು ಶೇಕಡಾ 21ರಷ್ಟು ಏರಿತು. ಅಡುಗೆ ಅದೇ, ಸಪ್ಲೈಯರ್ ಅವನೇ. ಎರಡು ಮಿಠಾಯಿಗೆ ಮನಸ್ಸು ಕರಗುವ ನಾವು ಸರ್ವಿಸ್‌ಗೆ ಮಾರ್ಕು ಹಾಕುತ್ತೇವಂತೆ! ಬಿಲ್ಲಿನ ಎರಡು ಪಟ್ಟು ಟಿಪ್ಸ್ ಇಟ್ಟರೆ ಲಕ್ಷ್ಮಿ ಎರಡು ಪಟ್ಟಾಗಿ ಬರುತ್ತಾಳೆ ಎಂದು ರೀಲ್ಸ್ ಮಾಡುವ ಗುರುಗಳೂ ಈಗ ಹುಟ್ಟಿಕೊಂಡಿದ್ದಾರೆ. ಅವರ ಕೋರ್ಸಿಗೆ ಕಟ್ಟುವ ದುಡ್ಡನ್ನು ಆ ಕ್ಲೀನರ್ ಹುಡುಗನಿಗೆ ಕೊಡಿ.

ಬೇಕಲದ ಕಡೆ ಒಂದು ರೆಸಾರ್ಟಿನಲ್ಲಿ ಬಿಲ್ಲಿಗೆ ಶೇಕಡಾ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಸರಕಾರದ ತೆರಿಗೆ ಅಂತ ಕಟ್ಟಿ ಬಂದೆ. ಸರಿಯಾ? (ಮುಳ್ಳೇರಿಯ)

ತೆರಿಗೆ ಅಲ್ಲ. ಜಿಎಸ್‌ಟಿ ಸರಕಾರದ್ದು, ಸರ್ವಿಸ್ ಚಾರ್ಜ್ ಹೋಟೆಲಿನದ್ದು. ಕೇಳದೆ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ತಂದಿತು. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ಅದೇ ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದರ ಮೇಲೆ ಅಪೀಲೂ ಹೋಗಿದೆ. 2,000 ರೂಪಾಯಿ ಊಟಕ್ಕೆ 200 ಸರ್ವಿಸ್ ಚಾರ್ಜ್ ಸೇರಿಸಿ, 2,200ರ ಮೇಲೆ ಜಿಎಸ್‌ಟಿ ಹಾಕುವುದನ್ನೂ ಮಾರ್ಗಸೂಚಿ ಬೇಡ ಎನ್ನುತ್ತದೆ. ಅಂಥ ಬಿಲ್ಲಿನಲ್ಲಿ ನೀವು ಕಳೆದುಕೊಳ್ಳುವುದು ಬರೀ 200 ಅಲ್ಲ.

ಮಾಡಬೇಕಾದದ್ದು ಇಷ್ಟೇ. ತೆಗೆದು ಬೇರೆ ಬಿಲ್ ಕೊಡಿ ಎಂದು ಮ್ಯಾನೇಜರಿಗೆ ಮೆತ್ತಗೆ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. 'ಪೂರ್ತಿ ಬಿಲ್ಲೇ ಕಟ್ಟಬೇಡಿ, ಎದ್ದು ಬನ್ನಿ' ಎಂದು ಯೂಟ್ಯೂಬಿನಲ್ಲಿ ಕೂಗುವ ವೀರರ ಮಾತು ಕೇಳಿದರೆ ಪೊಲೀಸ್ ಸ್ಟೇಷನ್ನಿನಲ್ಲಿ ಕೂರುವವರು ನೀವು, ಅವರಲ್ಲ. ಸಪ್ಲೈಯರ್ ಮೇಲೆ ಅಂತೂ ಕೂಗಬೇಡಿ. ಬಿಲ್ ಮಾಡಿದ್ದು ಅವನಲ್ಲ. ಸರ್ವಿಸ್ ಚಾರ್ಜ್ ಕಟ್ಟಿಯೇ ಬಿಟ್ಟಿದ್ದರೆ ಮತ್ತೆ ಟಿಪ್ಸ್ ಬೇಡ. ಇನ್ನೊಂದು ಮಾತು. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಶೇಕಡಾ 18. ಹೊರಗೆ ನೀವು ನೋಡಿದ್ದು 5. ಅದಕ್ಕೆ ಜಗಳ ಮಾಡಿ ಪ್ರಯೋಜನ ಇಲ್ಲ.

ಸರ್ವಿಸ್ ಸರಿ ಇಲ್ಲದಿದ್ದರೆ ಒಂದು ರೂಪಾಯಿ ನಾಣ್ಯ ಇಟ್ಟು ಬರಬಹುದಾ?

ಬೇಡ. ಏನು ಸರಿ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಮದುವೆ ಹಾಲಿನಲ್ಲಿ ಬಡಿಸುವ ಕ್ಯಾಟರಿಂಗ್ ಹುಡುಗರಿಗೆ?

ಮದುವೆ ಮನೆಯವರು ಕೊಡಲಿ. ನೀವು ಎರಡನೇ ಸಲ ಪಾಯಸ ಬೇಕೆಂದು ಅವಸರ ಮಾಡದಿದ್ದರೆ ಸಾಕು.

ದೇವಸ್ಥಾನದ ಅನ್ನಪ್ರಸಾದ ಬಡಿಸಿದವರಿಗೆ?

ಹುಂಡಿ ಇದೆಯಲ್ಲ.

ಟಿಪ್ಸ್ ಕೂಡ ನೋಕ್ಕುಕೂಲಿಯೇ ಅಲ್ವಾ? (ಉಪ್ಪಳ)

ಅಲ್ಲ. ನೋಕ್ಕುಕೂಲಿ ಎಂದರೆ ಲೋಡು ಇಳಿಸದೆ ಸುಮ್ನೆ ನಿಂತು ನೋಡಿದ್ದಕ್ಕೂ ಹಟ ಮಾಡಿ ಕೇಳುವ ದುಡ್ಡು. 2018ರ ಮೇ 1ರಿಂದ ಕೇರಳ ಸರಕಾರ ಅದನ್ನು ನಿಷೇಧಿಸಿದೆ. ನಿಮ್ಮ ಬಿರಿಯಾನಿಯನ್ನು ಯಾರೋ ಹೊತ್ತು ತಂದಿದ್ದಾರೆ, ಅದು ತಾನಾಗಿ ನಡೆದು ಬರಲಿಲ್ಲ.

ಟಿಪ್ಸ್ ದುಡ್ಡಿಗೆ ಟ್ಯಾಕ್ಸ್ ಉಂಟಾ?

ಗಿರಾಕಿ ಕೊಟ್ಟ ಟಿಪ್ಸನ್ನು ಹೋಟೆಲಿನವರು ಕೂಡಿಸಿ ಹಂಚಿದರೆ ಅದು ಸಂಬಳ ಅಲ್ಲ, ಅದರಲ್ಲಿ ಟಿಡಿಎಸ್ (ದುಡ್ಡು ಕೊಡುವ ಮೊದಲೇ ಮುರಿಯುವ ತೆರಿಗೆ) ಹಿಡಿಯಬೇಕಾಗಿಲ್ಲ ಎಂದು ಐಟಿಸಿ ಕಂಪನಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಪಡೆದವನ ಇತರ ಆದಾಯಕ್ಕೆ ಅದು ಸೇರುತ್ತದೆ. ತೆರಿಗೆ ಕಟ್ಟುವಷ್ಟು ಟಿಪ್ಸ್ ಸಿಗುವ ಹೋಟೆಲ್ ಯಾವುದು ಎಂದು ನಮ್ಮ ಹುಡುಗರು ಕೇಳುತ್ತಿದ್ದಾರೆ.

ನಾನು ಕುಂಬಳೆಯ ಹತ್ತಿರ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಗ್ಲಾಸು ಒಡೆದರೆ ಎಲ್ಲರ ಟಿಪ್ಸ್ ಡಬ್ಬಿಯಿಂದ ಮಾಲೀಕರು ಹಿಡಿದುಕೊಳ್ಳುತ್ತಾರೆ. ಹಾಗೆ ಮಾಡಬಹುದಾ?

ಇಷ್ಟು ಪತ್ರಗಳಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ನೀವೊಬ್ಬರೇ. ಮಾಡಬಾರದು. ಟಿಪ್ಸ್ ಗಿರಾಕಿ ನಿಮಗೆ ಕೊಟ್ಟದ್ದು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಮಾಲೀಕರು ಟಿಪ್ಸ್ ಇಟ್ಟುಕೊಳ್ಳಬಾರದು ಎಂದು ಕಾನೂನೇ ಬಂದಿದೆ. ನಮ್ಮಲ್ಲಿ ಟಿಪ್ಸಿಗೆಂದೇ ಅಷ್ಟು ಸ್ಪಷ್ಟ ಕಾನೂನು ಇಲ್ಲ. ಆದರೆ ಸಾಮಾನು ಹಾಳಾಯಿತೆಂದು ಸಂಬಳದಿಂದ ಹಿಡಿಯಬೇಕಾದರೂ ಅದು ನಿಮ್ಮ ಅಜಾಗರೂಕತೆಯಿಂದಲೇ ಆದದ್ದು ಎಂದು ತೋರಿಸಬೇಕು, ನಿಮ್ಮ ಮಾತು ಕೇಳಬೇಕು. ಯಾರೋ ಒಡೆದ ಗ್ಲಾಸಿಗೆ ಎಲ್ಲರ ಡಬ್ಬಿಗೆ ಕೈ ಹಾಕುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇವತ್ತೇ ಜಗಳಕ್ಕೆ ಹೋಗಬೇಡಿ, ಕೆಲಸ ಹೋದೀತು. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಡಬ್ಬಿಯಲ್ಲಿದ್ದ ದುಡ್ಡು, ಹಿಡಿದ ದುಡ್ಡು ಬರೆದಿಡಿ. ಜೊತೆಯವರ ಸಹಿ ಹಾಕಿಸಿ. ಒಂದೆರಡು ತಿಂಗಳ ಲೆಕ್ಕ ಕೈಯಲ್ಲಿರಲಿ. ಆಮೇಲೆ ಎಲ್ಲರೂ ಸೇರಿ ಮಾಲೀಕರ ಹತ್ತಿರ ಮಾತಾಡಿ. ಆಗದಿದ್ದರೆ ಲೇಬರ್ ಆಫೀಸಿಗೆ ಅರ್ಜಿ ಕೊಡಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದು ಯಾರಾದರೂ ವಾಪಸ್ ಕಳಿಸಿದರೆ, ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡಬಹುದು ಎನ್ನುವ ಸಂವಿಧಾನದ 350ನೇ ವಿಧಿ ನೋಡಿ ಎಂದು ಹೇಳಿ.