14 ಟೇಕ್ ಆದರೂ ಹಾಡು ಕೂಡದಿದ್ದರೆ

ಹುಬ್ಬಳ್ಳಿ ಸ್ಟುಡಿಯೋದಲ್ಲಿ ನಿಮ್ಮ ಭಜನಾ ಮೇಳದ ತತ್ವಪದಕ್ಕೆ 14 ಟೇಕ್ (14 ಸಲ ರೆಕಾರ್ಡಿಂಗ್) ಆದರೂ ಒಂದೂ ಸರಿ ಬರದಿದ್ದಕ್ಕೆ ಕಾರಣ ಹಾಡಿದವರಲ್ಲ ಅನಿಸುತ್ತೆ. ಪ್ರತಿ ಟೇಕ್ ಕೇಳಿಕೊಂಡು ‘ಇದು ಇರಲಿ, ಇದು ಬೇಡ’ ಅನ್ನೋ ಒಬ್ಬರು ಇರಲಿಲ್ಲ. ರೆಕಾರ್ಡಿಸ್ಟ್ ನೋಡೋದು ಮೈಕು, ಲೆವೆಲ್ಲು. ಹಾಡು ಹೇಗೆ ಬರಬೇಕು ಅನ್ನೋದು ರೆಕಾರ್ಡಿಂಗ್ ನಿರ್ದೇಶಕರ ಕೆಲಸ. ಹಾಡ್ತಾ ಹಾಡ್ತಾ ಲಯ ಓಡಿದ್ದಕ್ಕೆ, ಅಂದರೆ ವೇಗ ಹೆಚ್ಚಿದ್ದಕ್ಕೆ, ಹೆಡ್‌ಫೋನಿನಲ್ಲಿ ತಬಲಾ ಕಡಿಮೆ ಕೇಳಿಸಿದ್ದೂ ಕಾರಣ ಇರಬಹುದು. ನಾನು ಆ ಟೇಕ್ ಕೇಳಿಲ್ಲ, ಖಚಿತವಾಗಿ ಹೇಳಲಾರೆ.

ಈ ಸಲ ನಿರ್ದೇಶಕರಾಗಿ ಹಾಡದ, ನುಡಿಸದ ಒಬ್ಬರನ್ನು ಆರಿಸಿ. ಧಾರವಾಡದಲ್ಲಿ ಒಳ್ಳೆ ಕಿವಿ ಇರೋ ಸಂಗೀತದ ಮಾಸ್ತರು ಸಿಗ್ತಾರೆ. ಅವರ ಮುಂದೆ ಮೊದಲೇ ಒಂದು ತಾಲೀಮು ಮಾಡಿ, ಶ್ರುತಿ, ಲಯ ಗಟ್ಟಿ ಮಾಡಿಕೊಳ್ಳಿ. ಮೊಬೈಲಿನ ಮೆಟ್ರೋನೋಮಿನಲ್ಲಿ (ಲಯಕ್ಕೆ ಟಿಕ್ ಟಿಕ್ ಅನ್ನೋ ಆ್ಯಪ್) ಹಾಡಿನ ವೇಗದ ಅಂಕಿ ನೋಡಿ ಬರೆದಿಟ್ಟುಕೊಳ್ಳಿ.

ಸ್ಟುಡಿಯೋದಲ್ಲಿ ಹಾರ್ಮೋನಿಯಂ ಶ್ರುತಿ ಬದಲಿಸೋಕಾಗಲ್ಲ. ತಂಬೂರಿ, ತಬಲಾ ಎರಡನ್ನೂ ಅದಕ್ಕೇ ಕೂಡಿಸಿ. ಎಸಿ ಹಾಕಿ ಅರ್ಧ ತಾಸಾದ ಮೇಲೆ ತಬಲಾ ಮತ್ತೆ ನೋಡಿ. ಒಣ ಗಾಳಿಗೆ ಚರ್ಮ ಬಿಗಿಯಾಗಿ ಶ್ರುತಿ ಏರುತ್ತೆ. ನಮ್ಮ ಒಂದು ಹಾಡಿನಲ್ಲಿ ಹೀಗಾಗಿ, ಮೊದಲ ನುಡಿಗೂ ಕೊನೆಯ ನುಡಿಗೂ ಶ್ರುತಿ ಕೂಡದೆ ಜೋಡಿಸೋಕೇ ಬರಲಿಲ್ಲ. ಇಡೀ ಹಾಡು ಮತ್ತೆ ಹಾಡಬೇಕಾಯ್ತು.

ನಿರ್ದೇಶಕರ ಕೈಯಲ್ಲಿ ಸಾಹಿತ್ಯದ ಹಾಳೆ ಇರಲಿ. ಪ್ರತಿ ಸಾಲಿನ ಪಕ್ಕ ಟೇಕ್ ನಂಬರು, ಸರಿನಾ ತಪ್ಪಾ ಅಂತ ಗುರುತು ಹಾಕಲಿ. ಟಾಕ್‌ಬ್ಯಾಕಿನಲ್ಲಿ (ಹೊರಗಿನಿಂದ ಹಾಡುವವರ ಹೆಡ್‌ಫೋನಿಗೆ ಮಾತು ಕೇಳಿಸೋ ಮೈಕು) ಅವರೊಬ್ಬರೇ ಮಾತಾಡಲಿ, ಅದೂ ಒಂದು ಸಲಕ್ಕೆ ಒಂದೇ ತಪ್ಪು. 3 ಟೇಕ್ ಆದ ಮೇಲೆ ಎಲ್ಲರಿಗೂ ಹಚ್ಚಿ ಕೇಳಿಸಿ. ದನಿ ದಣಿದರೆ ಬಿಡುವು ಕೊಡೋದೂ ಅವರೇ.

ಹೊರಡೋ ಮುಂಚೆ ಹಾಳೆ ನೋಡಿ. ಪ್ರತಿ ಸಾಲಿಗೂ ಒಂದಾದರೂ ಸರಿ ಗುರುತು ಇದ್ದರೆ ಹಾಡು ಜೋಡಿಸಬಹುದು.