ಮೊದಲು ಹೋದ ಎ.ಎ. ಸಭೆ ಹಿಡಿಸಲಿಲ್ಲ, ಮುಂದೇನು?

ನಿಮ್ಮ ಪ್ರಶ್ನೆಯ ತಿರುಳು ಇದು: ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ವೈದ್ಯರು ಹೇಳಿದರೆಂದು, ಕುಡಿತ ಬಿಡಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಯೊಂದಕ್ಕೆ ಹೋದಿರಿ. ಚರ್ಚಿನ ಆವರಣ, ಎಲ್ಲರದೂ ಇಂಗ್ಲಿಷ್, ಮಾತುಮಾತಿಗೆ ದೇವರು. ದೇವರನ್ನು ನಂಬದ ನನಗೆ ಇದು ಒಗ್ಗುವುದಿಲ್ಲ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ.

ನಾನೂ ಕುಡಿತ ಬಿಟ್ಟವನು, ಈಗಲೂ ಸಭೆಗೆ ಹೋಗುವವನು. ಹೆಸರು ಹೇಳುವುದಿಲ್ಲ, ನಮ್ಮಲ್ಲಿ ಅದೇ ಪದ್ಧತಿ.

ಈಗಲೂ ದಿನಾ ಕುಡಿಯುತ್ತಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕುಡಿಯುತ್ತಿದ್ದರೆ ಸಭೆಯ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ಮೊದಲು ಕೈನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಮೊದಲ ಒಂದೆರಡು ದಿನದಲ್ಲೇ ಫಿಟ್ಸ್ ಬರುತ್ತದೆ, ಆಮೇಲೆ ಭ್ರಮೆ ಹಿಡಿದು ಜೀವಕ್ಕೇ ಅಪಾಯವಾಗುವುದೂ ಉಂಟು. ಆ ದಿನಗಳನ್ನು ವೈದ್ಯರು ನೋಡಿಕೊಳ್ಳಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಸಭೆಯ ವಿಚಾರ. ನಿಮಗೆ ತೊಡಕಾದದ್ದು ದೇವರಿಗಿಂತ ಹೆಚ್ಚಾಗಿ ಇಂಗ್ಲಿಷ್ ಎಂದು ನನ್ನ ಅನುಮಾನ. ಕಚೇರಿಯಲ್ಲಿ ಇಂಗ್ಲಿಷ್ ಮಾತನಾಡುವವರು ಸಭೆಯಲ್ಲೂ ಕಚೇರಿಯ ಮುಖವನ್ನೇ ಹೊತ್ತು ಕೂರುತ್ತಾರೆ. ಹೆಂಡತಿಯ ಒಡವೆ ಅಡವಿಟ್ಟದ್ದು, ಮಗುವಿನ ಮುಂದೆ ವಾಂತಿ ಮಾಡಿಕೊಂಡದ್ದು, ಇವನ್ನೆಲ್ಲ ಹೇಳಲು ಮನೆಯಲ್ಲಿ ಜಗಳವಾಡುವ ಭಾಷೆಯೇ ಬೇಕು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳು ಬೇರೆಬೇರೆ ಇವೆ. ಎ.ಎ. ಸಹಾಯವಾಣಿಗೆ ಕರೆ ಮಾಡಿ, ಕನ್ನಡ ಸಭೆ ಯಾವ ವಾರ, ಎಲ್ಲಿ ಎಂದು ಕೇಳಿ. ಚರ್ಚಿನ ಬಗ್ಗೆ ಚಿಂತೆ ಬೇಡ. ಅಗ್ಗಕ್ಕೆ ಜಾಗ ಸಿಗುತ್ತದೆಂದು ಚರ್ಚ್, ಶಾಲೆಗಳ ಕೋಣೆ ಹಿಡಿಯುತ್ತಾರೆ, ಅಷ್ಟೇ. ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರಚಿಕಿತ್ಸಕ ಸೇರಿ ಶುರುಮಾಡಿದ ಈ ಕೂಟಕ್ಕೆ ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ. ಕೊನೆಯಲ್ಲಿ ಹಣದ ಡಬ್ಬಿ ತಿರುಗುತ್ತದೆ, ಹೊಸಬರು ಹಾಕಲೇಬೇಕೆಂದಿಲ್ಲ.

ಎ.ಎ. ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಇದ್ದಾನೆ, ಸುಳ್ಳು ಹೇಳುವುದಿಲ್ಲ. ಆದರೆ ‘ನಾವು ಅರಿತುಕೊಂಡಂತೆ’ ಎಂಬ ಸಡಿಲವೂ ಅಲ್ಲೇ ಇದೆ. ಆ ಕೋಣೆಯಲ್ಲಿ ಕೂತ ಗುಂಪನ್ನೇ ತನಗಿಂತ ದೊಡ್ಡ ಶಕ್ತಿ ಎಂದುಕೊಂಡು ಮುಂದುವರಿಯುವ ನಾಸ್ತಿಕರು ಬಹಳ. ಅದೂ ಸಾಧ್ಯವಿಲ್ಲವೆಂದರೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಕೂಟ ಇದೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಅದರಲ್ಲಿ ದೇವರಿಲ್ಲ, ಮನಃಶಾಸ್ತ್ರದ ಅಭ್ಯಾಸಗಳಿವೆ. ಆನ್‌ಲೈನ್ ಸಭೆಗಳೂ ಇವೆ, ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ. ಊರಿನ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವು ಕೇಳಿಯೇ ಇರುತ್ತೀರಿ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ ಎಂದು ಬಿಟ್ಟವರೇ ಸೇರುವ ಕೂಟವೂ ಇದೆ. ಭಾಷೆ ನಿಮ್ಮದೇ, ಆದರೆ ಅಲ್ಲಿ ಭಜನೆ ಇರುತ್ತದೆ, ದೇವರು ಇನ್ನೂ ಹತ್ತಿರ!

ಎ.ಎ.ಯಿಂದ ಲಾಭವಿದೆಯೇ ಎಂಬ ಸಂಶಯವೂ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತದೆ. 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2020ರ ವಿಮರ್ಶೆಯೊಂದಿದೆ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯದು. ಸಂಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಜನರನ್ನು ಎ.ಎ.ಗೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗಿಂತ ಮೇಲು ಎಂದು ಅದು ಕಂಡುಕೊಂಡಿತು. ಉಳಿದ ಅಳತೆಗಳಲ್ಲಿ ಹೆಚ್ಚುಕಡಿಮೆ ಸಮ.

ಒಂದೇ ಸಭೆಗೆ ಅಂಟಿಕೊಳ್ಳುವ ಮೊದಲು ನಾಲ್ಕಾರು ಕಡೆ ಹೋಗಿ ನೋಡಿ. ಭಾಷಣ ಎಷ್ಟು ಚೆನ್ನಾಗಿತ್ತು ಎಂದು ತೂಗಬೇಡಿ, ಕುರ್ಚಿ ಮಡಚುವ ಹೊತ್ತು ಗಮನಿಸಿ. ಹೊಸಬನ ಹತ್ತಿರ ಯಾರಾದರೂ ಬಂದರೇ? ‘ರಾತ್ರಿ ಆಸೆಯಾದರೆ ಕರೆ ಮಾಡು’ ಎಂದು ನಂಬರ್ ಕೊಟ್ಟರೇ? ಬಹಳ ವರ್ಷದಿಂದ ಕುಡಿಯದೆ ಇರುವವರೂ, ಮೊನ್ನೆ ತಾನೇ ಬಿಟ್ಟವರೂ ಒಟ್ಟಿಗೆ ಚಹಾ ಕುಡಿದರೇ? ಅಂಥಲ್ಲಿ ಕೂರಬಹುದು. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸು, ಅದೂ ಒಂದು ಚಟವೇ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಸದಸ್ಯರು ವೈದ್ಯರಾಗಬಾರದೆಂದು ಎ.ಎ.ಯೇ ಹೇಳುತ್ತದೆ. ಸಾಲ ಕೇಳುವವರಿಂದ, ಚೀಟಿ, ವಿಮೆ ಮಾರುವವರಿಂದ ದೂರವಿರಿ.

ಹೊಸಬರಿಗೆ 90 ದಿನದಲ್ಲಿ 90 ಸಭೆ ಎಂಬ ಸಲಹೆ ಕೊಡುತ್ತಾರೆ. ಸಿಲ್ಕ್ ಬೋರ್ಡ್ ದಾಟಿ ದಿನಾ ಅದನ್ನು ಮಾಡಿ ತೋರಿಸಲಿ ಎನ್ನಿಸುತ್ತದೆ ನನಗೆ. ಮನೆಗೋ ಕಚೇರಿಗೋ ಹತ್ತಿರದ ಒಂದು ಸಭೆಯನ್ನು ಖಾಯಂ ಮಾಡಿಕೊಳ್ಳಿ, ಉಳಿದ ದಿನಗಳಿಗೆ ಜೂಮ್ ಇದೆ. ನೀವು ಸಂಜೆ ಎಷ್ಟು ಹೊತ್ತಿಗೆ ಕುಡಿಯುತ್ತಿದ್ದಿರೋ ಅದೇ ಹೊತ್ತಿನ ಸಭೆ ಸಿಕ್ಕರೆ ಇನ್ನೂ ಒಳ್ಳೆಯದು.

ನಿಮ್ಮ ಪತ್ನಿ ಜೊತೆಗೆ ಬರಬಹುದೇ ಎಂದೂ ಕೇಳಿದ್ದೀರಿ. ಓಪನ್ ಸಭೆಗೆ ಬರಬಹುದು, ಕ್ಲೋಸ್ಡ್ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಪತ್ನಿಯಂಥ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ನೀವು ಬಿಟ್ಟರೂ ಬಿಡದಿದ್ದರೂ ಅವರು ಅಲ್ಲಿಗೆ ಹೋಗಬಹುದು, ನಿಮ್ಮ ಅನುಮತಿ ಬೇಕಿಲ್ಲ.